ಟವೆಲ್ಲಿನ ಕೆಳಗಿನ ತೂಕ

ರೋಣದಲ್ಲಿ ನಿಂತು ನೋಡಿದರೆ ಜಗತ್ತಿನ ಎಲ್ಲ ಕಾರುಗಳೂ ಒಳ್ಳೆಯವೇ. ಎರೆಹೊಲದ ನಡುವೆ ಚಾಪೆ ಹಾಸಿದ ಹಾಗೆ ಹಾಸಿರುವ ರಸ್ತೆ, ಎರಡೂ ಕಡೆ ಕಡಲೆ, ಜೋಳ, ಹತ್ತಿ. ಊರೊಳಗೆ ಕಾರು ಹತ್ತಬೇಕಾದ ಅತಿ ದೊಡ್ಡ ಏರು ಎಂದರೆ ಶಾಲೆಯ ಮುಂದೆ ಹಾಕಿರುವ ರಸ್ತೆ ಉಬ್ಬು. ಅದನ್ನು ಕೆಮ್ಮದೆ ದಾಟಿದ ಗಾಡಿಗೆ ‘ಪಿಕಪ್ ಭಾಳ ಐತಿ’ ಎಂದು ಸರ್ಟಿಫಿಕೇಟ್ ಕೊಟ್ಟುಬಿಡುವ ಜನ ನಾವು. ಅಲ್ಲಿಂದ ಗಜೇಂದ್ರಗಡದ ಗುಡ್ಡಕ್ಕೆ ಹೋದಾಗ ಗಾಡಿಯ ನಿಜವಾದ ವಯಸ್ಸು ತಿಳಿಯುತ್ತದೆ. ಜೊತೆಗೆ ಅದನ್ನು ಪಾಸು ಮಾಡಿದ ಮೆಕ್ಯಾನಿಕ್ಕನ ಯೋಗ್ಯತೆಯೂ ತಿಳಿಯುತ್ತದೆ.

ಆ ಮೆಕ್ಯಾನಿಕ್ ನಾನೇ, ದಾವಲಸಾಬ. ರೋಣದ ಗಜೇಂದ್ರಗಡ ರಸ್ತೆಯ ಒಂದು ಗ್ಯಾರೇಜಿನಲ್ಲಿ ಮೊದಲು ಕೆಲಸಗಾರನಾಗಿ, ಆಮೇಲೆ ಯಜಮಾನನಾಗಿ ಬದುಕು ಕಳೆದವನು. ಮೊಳಕಾಲು ನನ್ನ ಮಾತು ಕೇಳುವುದನ್ನು ಬಿಟ್ಟ ಮೇಲೆ ಪಾನಾ-ಸ್ಪ್ಯಾನರು ಕೆಳಗಿಟ್ಟೆ. ಈಗ ಗ್ಯಾರೇಜು ನಡೆಸುವವರು ಗಾಡಿಗೆ ಒಂದು ಪುಟ್ಟ ಡಬ್ಬಿ ಚುಚ್ಚುತ್ತಾರೆ, ಮೊಬೈಲಿನಲ್ಲಿ ಎಂಜಿನ್ನಿನ ಜಾತಕವೆಲ್ಲ ಬಂದುಬಿಡುತ್ತದೆ. ‘ಕಾಕಾ, ಇದಿಲ್ಲದ ನೀವು ಹಳೇ ಗಾಡಿ ಹ್ಯಾಂಗ ನೋಡತಿದ್ರಿ? ಬರದ ಕೊಡ್ರಲ್ಲ’ ಎಂದು ಕೇಳಿದರು. ಬರೆದು ಕೊಡುತ್ತಿದ್ದೇನೆ. ಡಬ್ಬಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಎಂಜಿನ್ನಿನ ಬಗ್ಗೆ ಎಲ್ಲವನ್ನೂ ಹೇಳುತ್ತದೆ, ಗಾಡಿಯೊಳಗೆ ಯಾರು ಕೂರುತ್ತಾರೆ ಎಂಬುದೊಂದನ್ನು ಬಿಟ್ಟು.

ನನಗೆ ಕೆಲಸ ಕಲಿಸಿದವರು ಗುರುಸಿದ್ದಪ್ಪ ಮೇಸ್ತ್ರಿ. ಎಂಜಿನ್ ಪರೀಕ್ಷಿಸಲು ಅವರದೊಂದು ಸ್ವಂತ ವಿಧಾನವಿತ್ತು. ಗಾಡಿ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ತುಂಬಿದ ಚಹಾದ ಗ್ಲಾಸು ಇಡುವುದು. ಚಹಾ ಚೆಲ್ಲದಿದ್ದರೆ ಎಂಜಿನ್ ಪಾಸು. ಚೆಲ್ಲಿದರೆ ನಾಪಾಸು, ಮತ್ತು ಮಾರುವವನು ಇನ್ನೊಂದು ಚಹಾ ತರಿಸಬೇಕು. ಪಾಸಾದ ಗ್ಲಾಸನ್ನು ಮೇಸ್ತ್ರಿಯೇ ಕುಡಿಯುತ್ತಿದ್ದರು. ಬೆಳಿಗ್ಗೆ ಹೊತ್ತು ಹೆಚ್ಚು ಗಾಡಿಗಳು ನಾಪಾಸಾಗುತ್ತಿದ್ದದ್ದು ಎಂಜಿನ್ನಿನ ದೋಷದಿಂದಲೋ ಮೇಸ್ತ್ರಿಯ ಚಟದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರು ಪಾಸು ಮಾಡಿದ ಗಾಡಿ ತಿರುಗಿ ಬಂದದ್ದನ್ನು ನಾನು ಕಾಣೆ.

ಅವರು ಹೋದಲ್ಲೆಲ್ಲ ನನಗೆ ಒಂದು ಮಾತು ಹೇಳುತ್ತಿದ್ದರು: ‘ದಾವಲ್ಯಾ, ಮೊದಲ ತಗೋಳಾವರ ಮನಿ ನೋಡು. ಆಮ್ಯಾಲ ಗಾಡಿ ನೋಡು.’

ಮನೆ ನೋಡುವುದು ಎಂದರೆ ಊಟಕ್ಕೆ ಹಾಕುವ ಮನೆಯೋ ಅಲ್ಲವೋ ಎಂದು ನೋಡುವುದು ಅಂತ ನಾನು ಬಹಳ ವರ್ಷ ತಿಳಿದಿದ್ದೆ. ಮೇಸ್ತ್ರಿಯ ಹೊಟ್ಟೆ ನೋಡಿದರೆ ಹಾಗೆ ತಿಳಿಯುವುದರಲ್ಲಿ ತಪ್ಪೂ ಇರಲಿಲ್ಲ.

ಗುಡ್ಡದ ಮಹತ್ವ ನನಗೆ ಮೊದಲು ತಿಳಿದದ್ದು ಒಂದು ಕಪ್ಪೆಯಿಂದ. ನರಗುಂದದ ಒಬ್ಬ ಮಾಸ್ತರರು ಕೊಣ್ಣೂರಿನಲ್ಲಿ ಒಂದು ಕಾರು ನೋಡಿ ಬಂದಿದ್ದರು. ಬಣ್ಣ ಚೆಂದ, ಸೀಟಿನ ಕವರು ಚೆಂದ, ಒಳಗೆಲ್ಲ ಊದುಬತ್ತಿಯ ಪರಿಮಳ. ಹಿಂದಿನ ಮಳೆಗಾಲದಲ್ಲಿ ಕೊಣ್ಣೂರಿನ ಸೇತುವೆಯ ಮೇಲೆ ಮಲಪ್ರಭೆ ಹರಿದದ್ದು ನಮ್ಮಿಬ್ಬರಿಗೂ ನೆನಪಿಗೆ ಬರಲಿಲ್ಲ. ಮಾರುವವನನ್ನು ಹಿಂದೆ ಕೂರಿಸಿಕೊಂಡು ನರಗುಂದದ ಗುಡ್ಡದ ಮಗ್ಗುಲಿನ ಏರಿಗೆ ಗಾಡಿ ಹತ್ತಿಸಿದೆ. ಮೂಗು ಮೇಲಾದದ್ದೇ ತಡ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಿಂದ ಗುಳುಗುಳು ಸದ್ದು ಬಂತು. ಇಳಿಜಾರಿಗೆ ತಿರುಗಿಸಿದಾಗ ಮುಂದಿನ ಮ್ಯಾಟಿನ ಕೆಳಗಿಂದ ಒಂದು ಕಪ್ಪೆ ಹೊರಬಂದು ಮಾಸ್ತರರ ತೊಡೆಯ ಮೇಲೆ ಕುಳಿತಿತು. ಮಾಸ್ತರರು ಚೀರಿದರು. ಹಿಂದೆ ಕುಳಿತಿದ್ದವನು ಮಾತ್ರ ಸ್ವಲ್ಪವೂ ಅಲುಗಲಿಲ್ಲ.

‘ಹೆದರಬ್ಯಾಡ್ರಿ ಸರ್, ಅದು ಏನೂ ಮಾಡಂಗಿಲ್ಲ. ಮೊದಲಿನಿಂದ ಗಾಡ್ಯಾಗ ಐತಿ’ ಎಂದ.

ಹೊಸಬರೇ, ನೆನಪಿಡಿ. ನೀರು ಕುಡಿದ ಗಾಡಿಯ ಸೀಟು ಬದಲಾಯಿಸಬಹುದು, ವಾಸನೆ ಮುಚ್ಚಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಯಾರೂ ತೊಳೆಯದ ಜಾಗ ಅದೊಂದೇ. ಅಲ್ಲಿ ಕೆಸರಿನ ಗೆರೆ ಇರುತ್ತದೆ. ಕಪ್ಪೆ ಪ್ರತಿ ಸಲವೂ ತಾನಾಗಿ ಬಂದು ಸಾಕ್ಷಿ ಹೇಳುವುದಿಲ್ಲ.

ಅಲ್ಲಿಂದ ಮುಂದೆ ನಾನು ಯಾವ ಹಳೆಯ ಗಾಡಿ ನೋಡಿದರೂ ಗಜೇಂದ್ರಗಡಕ್ಕೆ ಒಯ್ದು ಗುಡ್ಡ ಹತ್ತಿಸದೆ ಬಿಡಲಿಲ್ಲ. ನನಗೆ ಹೆಮ್ಮೆ ಬಂತು. ‘ದಾವಲಸಾಬ ಗುಡ್ಡ ಏರಿಸಿದ್ದಾನಂತೆ’ ಎಂದರೆ ಜನ ಮರುಮಾತಿಲ್ಲದೆ ಗಾಡಿ ಕೊಳ್ಳುತ್ತಿದ್ದರು. ಹೆಮ್ಮೆ ಬಂದವನಿಗೆ ಏನಾಗಬೇಕೋ ಅದೇ ನನಗೂ ಆಯಿತು. ಅದನ್ನೇ ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಜಕ್ಕಲಿಯ ಶಿವಪುತ್ರಪ್ಪ ಹೊಲಮನೆ ಇದ್ದ ಸಾವಕಾಶದ ಮನುಷ್ಯ. ಚಿಕ್ಕಂದಿನಿಂದ ದನದ ಸಂತೆ ತಿರುಗಿದವನು. ಹೆಂಡತಿ ಪಾರ್ವತೆವ್ವ ಮಾತು, ಮನಸ್ಸು, ಮೈ ಮೂರರಲ್ಲೂ ಧಾರಾಳ. ಒಬ್ಬಳೇ ಮಗಳು ಸಾವಿತ್ರಿಯನ್ನು ಗಜೇಂದ್ರಗಡದ ಗುಡ್ಡದ ಮೇಲಿನ ಒಂದು ಊರಿಗೆ ಕೊಟ್ಟಿದ್ದರು. ಮಗಳ ಮನೆಗೆ ಹೋಗಿಬರಲು ಒಂದು ಹಳೆಯ ಕಾರು ಬೇಕೆಂದು ಶಿವಪುತ್ರಪ್ಪ ನನ್ನನ್ನು ಕರೆದೊಯ್ದ. ಬಿಳಿಯ ಬಣ್ಣದ ಪುಟ್ಟ ಕಾರು, ಎಂಟುನೂರು ಸಿಸಿ. ನಾನೊಬ್ಬನೇ ಕುಳಿತು ಗುಡ್ಡ ಹತ್ತಿಸಿದೆ. ಮೂರನೇ ಗೇರಿನಲ್ಲಿ ಹಾಡಿಕೊಂಡು ಹೋಯಿತು. ‘ಕಣ್ಣು ಮುಚ್ಚಿ ತಗೋರಿ’ ಎಂದೆ. ಅವನು ಹಾಗೆಯೇ ಮಾಡಿದ.

ನನ್ನ ತೂಕ ಆಗ ನಲವತ್ತೆಂಟು ಕೆಜಿ. ಈಗಲೂ ಅಷ್ಟೇ. ಗಾಳಿ ಜೋರಾಗಿ ಬೀಸಿದರೆ ನನ್ನ ಹೆಂಡತಿ ನನ್ನನ್ನು ಮಾಳಿಗೆಗೆ ಕಳಿಸುವುದಿಲ್ಲ. ನಾನೊಬ್ಬ ಕುಳಿತರೆ ಗಾಡಿ ಗುಡ್ಡವನ್ನೇನು, ಮೋಡವನ್ನೂ ಹತ್ತೀತು ಎಂಬುದು ಆ ದಿನ ನನ್ನ ತಲೆಗೆ ಹೊಳೆಯಲಿಲ್ಲ.

ಮುಂದಿನ ಪಂಚಮಿಗೆ ಶಿವಪುತ್ರಪ್ಪ, ಪಾರ್ವತೆವ್ವ, ಶಿವಪುತ್ರಪ್ಪನ ತಾಯಿ ಗೌರವ್ವ, ಪಾರ್ವತೆವ್ವನ ತಂಗಿ ಕಲ್ಲವ್ವ, ಇಷ್ಟು ಜನ ಉಂಡಿಯ ಡಬ್ಬಿಗಳ ಸಮೇತ ಮಗಳ ಊರಿಗೆ ಹೊರಟರು. ಎರಡನೇ ತಿರುವಿನಲ್ಲಿ ಗಾಡಿ ನಿಂತಿತು. ಬಾನೆಟ್ಟಿನಿಂದ ಬಿಳಿ ಹೊಗೆ ಎದ್ದಿತು. ಎಲ್ಲರೂ ಇಳಿದು ನೂಕಿದರು. ಮೇಲಿನಿಂದ ಬೀಗರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದೊಯ್ದರು. ಊರ ಹೆಬ್ಬಾಗಿಲ ಅಗಸಿಯಲ್ಲಿ ಜನ ಸೇರಿದ್ದರು. ಸಾವಿತ್ರಿಯ ಅತ್ತೆ ನೀಲವ್ವ ಬಾಗಿಲಲ್ಲೇ ನಿಂತು, ‘ಅಯ್ಯ ಬೀಗ್ತಿ, ಗಾಡಿ ನಿಮ್ಮನ್ನ ತಂತೋ, ನೀವ ಗಾಡಿ ತಂದ್ರೋ?’ ಎಂದು ಕೇಳಿದಳಂತೆ.

ಈ ಮಾತು ಹಬ್ಬದ ನಗೆಯಲ್ಲಿ ಮುಗಿದುಹೋಗಬಹುದಿತ್ತು. ಆದರೆ ಅಷ್ಟರಲ್ಲಿ ಸಾವಿತ್ರಿ ಬಸುರಿಯಾದಳು. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನವರು ಬುಟ್ಟಿಗಟ್ಟಲೆ ತಿಂಡಿ ಒಯ್ದು ಕುಬಸ ಮಾಡಿ, ಮಗಳನ್ನು ಹೆರಿಗೆಗೆ ತವರಿಗೆ ಕರೆತರುವುದು ಪದ್ಧತಿ. ನೀಲವ್ವ ಫೋನಿನಲ್ಲಿ ಖಡಾಖಡಿ ಹೇಳಿದಳು: ‘ನಮ್ಮ ಸೊಸಿನ್ನ ಆ ಗಾಡ್ಯಾಗ ಕಳಸಂಗಿಲ್ಲ. ದಾರ್ಯಾಗ ಕೆಟ್ಟು ನಿಂತರ ಬಸರ ಹೆಂಗಸು ನೂಕಬೇಕೇನು? ಕುಬಸಕ್ಕ ನಿಮ್ಮ ಗಾಡಿ ಒಬ್ಬರೂ ಇಳೀದಂಗ ನಮ್ಮ ಬಾಗಿಲಕ್ಕ ಬರಲಿ, ಕರಕೊಂಡು ಹೋಗ್ರಿ. ಇಲ್ಲಂದ್ರ ಬಾಳಂತನ ಇಲ್ಲೇ.’

ಮರುದಿನ ಪಾರ್ವತೆವ್ವ ಗ್ಯಾರೇಜಿಗೆ ಬಂದಳು. ಮುಪ್ಪಾಗಿದ್ದ ಗುರುಸಿದ್ದಪ್ಪ ಮೇಸ್ತ್ರಿ ಮೂಲೆಯಲ್ಲಿ ಹಳೆಯ ಜೀಪಿನ ಸೀಟಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು.

‘ದಾವಲಸಾಬ್ರ, ಗುಡ್ಡಾ ಏರಸೇನಿ ಅಂದ್ರೆಲ್ಲ, ಯಾರನ್ನ ಕುಂದ್ರಿಸಿಕೊಂಡು ಏರಿಸಿದ್ರಿ?’

‘ನಾ ಒಬ್ಬನ ಇದ್ನಿರಿ.’

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನೋಡಿ ಮುಗಿಸಲು ಬಹಳ ಹೊತ್ತು ಬೇಕಾಗಲಿಲ್ಲ. ‘ಗಾಡಿ ತಗೊಂಡಾವ್ರು ನಾವು. ನಮ್ಮನ್ನ ನೋಡಬೇಕೋ ಬ್ಯಾಡೋ?’ ಎಂದಳು. ಬೈಯಲು ಬಂದವಳ ಕಣ್ಣಲ್ಲಿ ನೀರು ಬಂದುಬಿಟ್ಟಿತು. ‘ನನಗೊಬ್ಬಾಕಿ ಮಗಳರಿ. ಮೊದಲನೇ ಬಾಳಂತನಾನೂ ನನ್ನ ಮನ್ಯಾಗ ಆಗಲಿಲ್ಲಂದ್ರ ನಾ ಯಾತಕ್ಕ ಅವ್ವ ಅನಿಸ್ಕೊಳ್ಳಲಿ?’

ಮೂಲೆಯಿಂದ ಮೇಸ್ತ್ರಿ, ‘ಮನಿ ನೋಡಿದ್ಯೇನೋ ದಾವಲ್ಯಾ?’ ಎಂದರು. ಅಷ್ಟೇ ಹೇಳಿ ಚಹಾ ಗುಟುಕರಿಸಿದರು. ನನಗೆ ನಾಚಿಕೆಯಾಯಿತು. ಆ ಬಿಳಿ ಕಾರಿನಲ್ಲಿ ಯಾವ ದೋಷವೂ ಇರಲಿಲ್ಲ. ಸಪಾಟು ದಾರಿಯಲ್ಲಿ ಇಬ್ಬರೇ ಓಡಾಡುವವರಿಗೆ ಅದು ಬಂಗಾರದಂಥ ಗಾಡಿ. ತಪ್ಪು ಪೂರ್ತಿ ನನ್ನದು. ಆ ಗಾಡಿಯನ್ನು ಮಾರಿಸಿ, ಗುಡ್ಡಕ್ಕೆ ತಕ್ಕ ಇನ್ನೊಂದನ್ನು ನಾನೇ ಹುಡುಕಿ, ಕುಬಸದ ದಿನ ನಾನೇ ನಡೆಸಿಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟೆ.

ಈ ಸಲ ವಿಧಾನ ಬದಲಾಯಿಸಿದೆ. ಎಲ್ಲರನ್ನೂ ಪ್ರತಿ ಗಾಡಿಯಲ್ಲಿ ಕೂರಿಸಿಕೊಂಡು ತಿರುಗುವುದು ಸಾಧ್ಯವಿರಲಿಲ್ಲ. ಆದ್ದರಿಂದ ಅವರ ತೂಕ ತೆಗೆದುಕೊಂಡು, ಅಷ್ಟೇ ತೂಕದ ಉಳ್ಳಾಗಡ್ಡಿ ಚೀಲಗಳನ್ನು ಸೀಟಿನ ಮೇಲಿಟ್ಟು ಗುಡ್ಡ ಹತ್ತಿಸುವುದು ಎಂದು ಯೋಚಿಸಿದೆ. ನನಗೆ ಪರಿಚಯದ ಉಳ್ಳಾಗಡ್ಡಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಇತ್ತು. ಮನೆಯವರೆಲ್ಲ ಅಲ್ಲಿಗೆ ಬಂದರು.

ಶಿವಪುತ್ರಪ್ಪ ಕಾಟಾದ ಮೇಲೆ ನಿಂತು ಇಳಿದ. ಅರವತ್ತೆಂಟು. ಹೆಂಗಸರ ಸರದಿ ಬಂದಾಗ ಪಾರ್ವತೆವ್ವ ಚಪ್ಪಲಿಯನ್ನೂ ಬಿಡಲಿಲ್ಲ.

‘ಹೆಂಗಸರನ್ನ ಹಿಂಗ ಬಜಾರದಾಗ ನಿಂದ್ರಿಸಿ ತೂಗತಾರೇನ್ರಿ? ನಾ ಏನ್ ಉಳ್ಳಾಗಡ್ಡೀನ?’

‘ಗುಡ್ಡಕ್ಕ ತೂಕ ಗೊತ್ತಾಗಬೇಕ್ರಿ ಅಕ್ಕಾರ.’

‘ಗುಡ್ಡಕ್ಕ ಗೊತ್ತಾಗಲಿ. ಊರಿಗೆ ಯಾಕ?’

ಮಾತು ಸರಿಯೇ ಇತ್ತು. ಕೊನೆಗೆ ಹೀಗೆ ಒಪ್ಪಂದವಾಯಿತು. ವ್ಯಾಪಾರಿ, ಹಮಾಲರು, ನಾನು ಎಲ್ಲರೂ ಬೀದಿಯ ಕಡೆ ಮುಖ ಮಾಡಿ ನಿಲ್ಲಬೇಕು. ಕಾಟಾದ ಅಂಕಿಯನ್ನು ಶಿವಪುತ್ರಪ್ಪ ಒಬ್ಬನೇ ನೋಡಬೇಕು. ಅದನ್ನು ಬಾಯಿಂದ ಹೇಳಕೂಡದು. ದನದ ಸಂತೆಯಲ್ಲಿ ಎತ್ತಿನ ವ್ಯವಹಾರ ಮಾಡುವ ಹಾಗೆ ಟವೆಲ್ಲಿನ ಕೆಳಗೆ ನನ್ನ ಕೈ ಹಿಡಿದು ತಿಳಿಸಬೇಕು.

ಸಂತೆಯ ಆ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಡುವವನು, ಕೊಳ್ಳುವವನು ಇಬ್ಬರೂ ಟವೆಲ್ ಹೊದ್ದ ಕೈಯೊಳಗೆ ಬೆರಳು ಹಿಡಿದು ಲೆಕ್ಕ ಹೇಳುತ್ತಾರೆ; ಸುತ್ತ ನಿಂತವರಿಗೆ ಕೇವಲ ಟವೆಲ್ ಅಲುಗುವುದು ಕಾಣುತ್ತದೆ. ನಾವು ಒಂದು ಬೆರಳಿಗೆ ಹತ್ತು ಕೆಜಿ ಎಂದು ಇಟ್ಟುಕೊಂಡೆವು. ನಾನು ಜನ್ಮದಲ್ಲಿ ಎತ್ತು ಕೊಂಡವನಲ್ಲ, ಆದರೂ ಬೆರಳೆಣಿಸಲು ಬರುತ್ತಿತ್ತು.

ಹಿಂದೆ ಕಾಟಾ ಕಿರುಗುಟ್ಟಿತು. ಶಿವಪುತ್ರಪ್ಪ ಬಂದು ಟವೆಲ್ ಹಾಸಿದ. ಪಾರ್ವತೆವ್ವನದು ಏಳು ಬೆರಳು. ನನಗೆ ಅನುಮಾನ ಬಂತು. ಆದರೆ ಗಂಡನಾದವನು ಕೈ ಹಿಡಿದು ಹೇಳುವಾಗ ‘ನಿಮ್ಮ ಹೆಂಡತಿ ಇನ್ನೂ ದಪ್ಪ ಇದ್ದಾರೆ’ ಎನ್ನುವ ಧೈರ್ಯ ಯಾರಿಗಿದೆ? ‘ಆತು’ ಎಂದು ಕೈ ಹಿಂದೆ ತೆಗೆದುಕೊಂಡೆ. ಕಲ್ಲವ್ವನದು ಆರು ಬೆರಳು. ಗೌರವ್ವನದು ನಾಲ್ಕು. ಎಲ್ಲದಕ್ಕೂ ‘ಆತು’ ಎಂದೆ. ಶಿವಪುತ್ರಪ್ಪ ಆಶ್ಚರ್ಯದಿಂದ ನನ್ನ ಮುಖ ನೋಡಿದ.

‘ಇಷ್ಟ ಲಗೂ ಮುಗೀತೇನ್ರಿ?’ ಎಂದ.

‘ಮತ್ತೇನೈತ್ರಿ ಇದರಾಗ?’ ಎಂದೆ.

ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಪ್ರಶ್ನೆಯನ್ನು ನಾನು ಅವತ್ತೇ ಯೋಚಿಸಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು.

ಚೀಲಗಳನ್ನು ತುಂಬಿಸಿ ಒಂದೊಂದರ ಮೇಲೂ ಇದ್ದಿಲಿನಿಂದ ಹೆಸರು ಬರೆದೆ. ಗಜೇಂದ್ರಗಡದಲ್ಲಿ ಮೊದಲು ನೋಡಿದ್ದು ಕೆಂಪು ಬಣ್ಣದ ಪೆಟ್ರೋಲ್ ಗಾಡಿ. ಒಳಗೆ ಟಿವಿಯಷ್ಟು ದೊಡ್ಡ ಪರದೆ. ಮುಂದಿನ ಸೀಟಿನಲ್ಲಿ ಶಿವಪುತ್ರಪ್ಪನ ಚೀಲ, ಹಿಂದೆ ಮೂವರು ಹೆಂಗಸರ ಚೀಲ. ಬೆಲ್ಟ್ ಹಾಕದಿದ್ದರೆ ಗಾಡಿ ಕುಂಯ್ ಕುಂಯ್ ಅನ್ನುತ್ತಿದ್ದುದರಿಂದ ಮುಂದಿನ ಚೀಲಕ್ಕೆ ಬೆಲ್ಟನ್ನೂ ಹಾಕಿದೆ. ಗುಡ್ಡದ ಬುಡದ ಚಹಾದಂಗಡಿಯವನು ಬಗ್ಗಿ ನೋಡಿ, ‘ಉಳ್ಳಾಗಡ್ಡಿಗೆ ಗುಡ್ಡ ತೋರಸಾಕ ಕರಕೊಂಡು ಹೊಂಟೀರೇನ್ರಿ?’ ಎಂದು ಕೇಳಿದ.

ಕೆಂಪು ಗಾಡಿ ಎರಡನೇ ತಿರುವಿನಲ್ಲಿ ಬಣ್ಣ ತೋರಿಸಿತು. ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ತೆವಳುತ್ತದೆ. ಸುಟ್ಟ ಬಟ್ಟೆಯಂಥ ವಾಸನೆ. ಕ್ಲಚ್ ಸವೆದ ಗಾಡಿ ಹೀಗೇ ಇರುತ್ತದೆ; ಸಪಾಟು ರಸ್ತೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟದ್ದನ್ನು ಏರು ಒಂದು ನಿಮಿಷದಲ್ಲಿ ಬಯಲು ಮಾಡುತ್ತದೆ. ಮಾರುವವನು ಅದು ಹೊಸ ಮ್ಯಾಟಿನ ವಾಸನೆ ಎಂದು ವಾದಿಸಿದ. ಚೀಲ ಇಳಿಸಿಕೊಂಡೆ.

ಎರಡನೆಯದು ರಾಜೂರದ ಒಬ್ಬ ರೈತನ ಬೂದಿ ಬಣ್ಣದ ಡೀಸೆಲ್ ಗಾಡಿ. ನೋಡಲು ಕಣ್ಣಿಗೆ ಹಬ್ಬವಲ್ಲ. ಮೆಣಸಿನಕಾಯಿ ಚೀಲ ಹೇರಿ ಹೇರಿ ಒಳಗೆ ಕೂತವರೆಲ್ಲ ಸೀನಬೇಕು. ಆ ರೈತ ಪ್ರಾಮಾಣಿಕ. ‘ಒಮ್ಮೆ ಎಮ್ಮಿ ಕರಾನೂ ಒಯ್ದೇವ್ರಿ, ಹಿಂದಿನ ಸೀಟಿನ್ಯಾಗ. ಅದೂ ಸೀನತಿತ್ತು’ ಎಂದ. ಆದರೆ ಎಂಜಿನ್! ಮೆಲ್ಲಗೆ ತಿರುಗುವಾಗಲೇ ಮೈತುಂಬ ಶಕ್ತಿ. ಗುಡ್ಡಕ್ಕೆ ಬೇಕಾದದ್ದು ಅದೇ. ಸಿಸಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಎಂಜಿನ್ ಕಿರುಚದೆ ಎಳೆಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಏರಿನ ನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಮತ್ತೆ ಎಬ್ಬಿಸಿದೆ. ಒಂದು ಗೇಣೂ ಹಿಂದೆ ಜಾರಲಿಲ್ಲ. ನಾಲ್ಕು ಚೀಲಗಳನ್ನು ಎರಡನೇ ಗೇರಿನಲ್ಲಿ ಮೇಲಕ್ಕೆ ಒಯ್ದಿತು. ಸೀನುತ್ತಲೇ ವ್ಯವಹಾರ ಮುಗಿಸಿದೆವು.

ಕುಬಸದ ಬೆಳಿಗ್ಗೆ ಜಕ್ಕಲಿಗೆ ಹೋದರೆ ಅಂಗಳದಲ್ಲಿ ಐದು ಬುಟ್ಟಿಗಳು ಸಾಲಾಗಿ ನಿಂತಿದ್ದವು. ಕರ್ಚಿಕಾಯಿ, ಬೇಸನ್ ಉಂಡಿ, ಚಕ್ಕಲಿ, ಶೇಂಗಾ ಹೋಳಿಗೆ, ಐದನೆಯದರಲ್ಲಿ ಕಡಕ್ ರೊಟ್ಟಿ. ಒಂದೊಂದನ್ನು ಇಬ್ಬರು ಎತ್ತಬೇಕು. ಈ ಐವರು ಪ್ರಯಾಣಿಕರಿಗೆ ನಾನು ಚೀಲ ತುಂಬಿಸಿರಲಿಲ್ಲ. ಆದರೂ ಡೀಸೆಲ್ ಗಾಡಿಯ ಮೇಲೆ ನಂಬಿಕೆಯಿಟ್ಟು ಡಿಕ್ಕಿಗೆ ತುರುಕಿಸಿದೆ. ಪಾರ್ವತೆವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಹತ್ತುವ ಮೊದಲು ಬಾಗಿಲು ಹಿಡಿದು ಹೇಳಿದಳು: ‘ಈಗ ಇಟ್ಟ ಕಾಲು ಇನ್ನ ಬೀಗರ ಬಾಗಲದಾಗ ಇಳಸತೀನಿ. ಯಾರೂ ನಡುವ ಇಳಿಯೂದಿಲ್ಲ, ಹೇಳಿರತೀನಿ.’

ಗಜೇಂದ್ರಗಡದವರೆಗೆ ಸುಖವಾಗಿ ಹೋದೆವು. ಏರು ಶುರುವಾದಾಗ ನನ್ನ ಕೈಗೆ ತಿಳಿಯಿತು. ಸ್ಟೇರಿಂಗ್ ಹಗುರಾಗಿದೆ, ಅಂದರೆ ಹಿಂದಿನ ಭಾರಕ್ಕೆ ಮೂಗು ಮೇಲೆದ್ದಿದೆ. ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜಿ ಗರಗರ ಎನ್ನತೊಡಗಿತು. ಮೊದಲನೇ ತಿರುವು ದಾಟುವಷ್ಟರಲ್ಲಿ ಕಾವಿನ ಮುಳ್ಳು ಮೇಲೆ ಬಂತು. ಎರಡನೇ ತಿರುವಿನಲ್ಲಿ, ಅದೇ ಪಂಚಮಿಯ ತಿರುವಿನಲ್ಲಿ, ರಬ್ಬರ್ ಸುಡುವ ವಾಸನೆ ಬಂದಿತು. ಅದರಾಚೆ ಒಂದು ತುಂಡು ಸಪಾಟು ಜಾಗ, ಅಲ್ಲೊಂದು ಚಹಾದಂಗಡಿ, ಗುಡ್ಡದೂರಿನ ಬಸ್ಸು ನಿಲ್ಲುವ ಸ್ಥಳ. ಕೊನೆಯ ಕಡಿದಾದ ಏರು ಇನ್ನೂ ಮುಂದಿತ್ತು. ಅಲ್ಲಿ ನಿಲ್ಲಿಸಿದೆ. ಅಂಗಡಿಯವನು ಓಡಿ ಬಂದು ಹಿಂದಿನ ಗಾಲಿಗೆ ಕಲ್ಲು ಕೊಟ್ಟ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬುಟ್ಟಿಗಳ ಭಾರವೇ ಆದರೂ ಇಷ್ಟು ತಗ್ಗಬಾರದು.

‘ಶಿವಪುತ್ರಪ್ಪನವರ, ಖರೇ ಹೇಳ್ರಿ. ಅವತ್ತು ಟವೆಲ್ಲಿನ್ಯಾಗ ತೂಕ ಸರೀ ಹೇಳೀರೋ ಇಲ್ಲೋ?’

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ‘ಅದು ಮೊದಲನೇ ಮಾತರಿ’ ಎಂದ.

‘ಅಂದ್ರ?’

‘ಟವೆಲ್ಲಿನ್ಯಾಗ ಮೊದಲನೇ ಸಲಕ್ಕ ಯಾರರ ಖರೇ ಹಿಡೀತಾರೇನ್ರಿ? ನಾ ಕಮ್ಮಿ ಹಿಡೀತೀನಿ, ನೀವು ಜಾಸ್ತಿ ಒತ್ತಬೇಕು, ನಾ ಒಂದ ಬೆರಳು ಏರಬೇಕು. ಹಂಗ ಹೋಗಿ ಹೋಗಿ ಖರೇಕ್ಕ ಬರೂದು. ನೀವು ಒಮ್ಮಿಗೇ ಆತು ಅಂದು ಕೈ ತಕ್ಕೊಂಡ್ರಿ. ಮುಗೀತೇನ್ರಿ ಅಂತ ಕೇಳೂ ಕೇಳಿದೆ. ನನಗೂ ಚೊಲೋ ವ್ಯವಹಾರ ಆತು ಅನಿಸ್ತು.’

‘ಎಲ್ಲಾರದೂ ಹಂಗ ಹೇಳೀರೇನು?’

‘ಎಲ್ಲಾರದೂರಿ. ಪದ್ಧತಿ ಅಂದ್ರ ಪದ್ಧತಿ.’

ಹಿಂದಿನಿಂದ ಗೌರವ್ವ, ಬದುಕಿನಲ್ಲಿ ಎಂದೂ ದಪ್ಪಗಾಗದ ಮುದುಕಿ, ‘ನನ್ನನ್ನೂ ಯಾಕ ಕಮ್ಮಿ ಮಾಡಿದೆಪಾ?’ ಎಂದು ಮಗನನ್ನು ಕೇಳಿದಳು. ನನಗೆ ನಗು ಬಂತು, ಅಳುವೂ ಬಂತು. ಸಾವಿತ್ರಿ ಮೇಲೆ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿರಬಹುದು ಎಂದು ನೆನಪಾಗಿ ನಗು ಅಲ್ಲೇ ನಿಂತಿತು.

‘ಪಾರ್ವತೆವ್ವಾರದು ಖರೇ ಎಷ್ಟರಿ?’ ಎಂದು ಮೆಲ್ಲಗೆ ಕೇಳಿದೆ. ಅವನು ಹೆಗಲ ಮೇಲಿನ ಟವೆಲ್ಲಿಗೆ ಕೈ ಹಾಕಿದ.

‘ಟವೆಲ್ ಒಗೀರಿ ಅತ್ತಾಗ!’ ಪಾರ್ವತೆವ್ವ ಹಿಂದಿನಿಂದ ಗುಡುಗಿದಳು. ‘ತೊಂಬತ್ತೊಂದು! ಕೇಳಿಸ್ತಿಲ್ಲೋ? ತೊಂಬತ್ತೊಂದು ಕೆಜಿ! ನನ್ನ ತಂಗಿ ಎಂಬತ್ತೆರಡು, ಅತ್ತಿ ಐವತ್ತೆಂಟು. ಮುಚ್ಚಿಡಾಕ ಇದೇನ್ ಕಳವಿನ ಮಾಲೇನು? ಮಗಳು ಬೇಕ್ರಿ ನನಗ!’

ಚಹಾದಂಗಡಿಯ ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ತಂಗಿ ಕಲ್ಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಮ್ಮನ್ನೆಲ್ಲ ಬೀದಿಯ ಕಡೆ ತಿರುಗಿಸಿ ತೂಗಿಸಿಕೊಂಡಿದ್ದ ಹೆಂಗಸು ಗುಡ್ಡದ ನಡುವೆ ತನ್ನ ತೂಕ ಕೂಗಿ ಹೇಳಿದ್ದು ಕಂಡು ನನ್ನ ಎದೆ ತುಂಬಿಬಂತು. ಲೆಕ್ಕ ಹಾಕಿದೆ. ಅರವತ್ತೊಂದು ಕೆಜಿ ವ್ಯತ್ಯಾಸ. ನನಗಿಂತ ಹದಿಮೂರು ಕೆಜಿ ಹೆಚ್ಚಿನ ಇನ್ನೊಬ್ಬ ದಾವಲಸಾಬ ಅಷ್ಟೂ ದಾರಿ ಗುಟ್ಟಾಗಿ ಗಾಡಿಯಲ್ಲಿ ಕುಳಿತು ಬಂದಿದ್ದ.

‘ಅಕ್ಕಾರ, ಈ ಗಾಡಿ ನಿಮ್ಮೆಲ್ಲಾರನ್ನ ಒಯ್ಯತೈತಿ, ಅದಕ್ಕ ನಾ ಜಾಮೀನು. ಆದ್ರ ಬುಟ್ಟಿ ಒಯ್ಯಂಗಿಲ್ಲ’ ಎಂದೆ.

ಅಷ್ಟರಲ್ಲಿ ಹಿಂದಿನಿಂದ ಗುಡ್ಡದೂರಿನ ಬಸ್ಸು ಉಸ್ಸೆಂದು ಬಂದು ನಿಂತಿತು. ಪಾರ್ವತೆವ್ವ ಕಿಟಕಿಯ ಗಾಜು ಇಳಿಸಿದಳು. ಕಾಲು ಮಾತ್ರ ಇಳಿಸಲಿಲ್ಲ.

‘ಕಂಡಕ್ಟರಪ್ಪಾ, ಮ್ಯಾಲ ಕುಬಸದ ಮನಿ ಐತಿ. ಡಿಕ್ಕ್ಯಾಗಿನ ಬುಟ್ಟಿ ಬಸ್ಸಿನ್ಯಾಗ ತರತೀರ್ಯಾ? ಟಿಕೀಟ ಹರೀರಿ. ನಾಕು ಬುಟ್ಟಿ ಬಾಗಿಲಕ್ಕ ಮುಟ್ಟಸ್ರಿ, ಒಂದು ಬುಟ್ಟಿ ಬಸ್ಸಿನ್ಯಾಗ ಕುಂತಾವ್ರಿಗೆ ಹಂಚರಿ. ಕುಬಸದ ತಿಂಡಿ, ಬ್ಯಾಡ ಅನಬಾರದು.’

ಯಾರೂ ಬೇಡ ಅನ್ನಲಿಲ್ಲ. ಕಂಡಕ್ಟರ್, ಅಂಗಡಿಯವನು, ನಾಲ್ಕು ಪ್ರಯಾಣಿಕರು ಸೇರಿ ಬುಟ್ಟಿ ಸಾಗಿಸಿದರು. ಒಂದೊಂದು ಬುಟ್ಟಿ ಇಳಿದಾಗಲೂ ಗಾಡಿ ಕುಳಿತಿದ್ದ ಎಮ್ಮೆ ಏಳುವ ಹಾಗೆ ಮೆಲ್ಲಗೆ ಮೇಲೆದ್ದಿತು. ಟೈರು ಮಡ್‌ಗಾರ್ಡಿನಿಂದ ದೂರ ಸರಿಯಿತು. ಬಸ್ಸಿನವರು ಚಹಾಕ್ಕೆ ಕುಳಿತರು. ನಾನು ಮುಳ್ಳು ಇಳಿಯಲು ಕಾದು, ಎಸಿ ಬಂದ್ ಮಾಡಿ, ಕಲ್ಲು ತೆಗೆಸಿ ಅವರಿಗಿಂತ ಮುಂಚೆ ಹೊರಟೆ. ಮೊದಲನೇ ಗೇರು, ಎರಡನೇ ಗೇರು. ಕೊನೆಯ ಏರಿನಲ್ಲಿ ಮೂವರು ಹೆಂಗಸರೂ ತಾವೇ ಎಳೆಯುತ್ತಿರುವವರ ಹಾಗೆ ಮುಂದಕ್ಕೆ ಬಾಗಿ ಕುಳಿತಿದ್ದರು. ಗಾಡಿ ಒಮ್ಮೆಯೂ ತಡವರಿಸಲಿಲ್ಲ.

ನೀಲವ್ವನ ಬಾಗಿಲಲ್ಲಿ ಪಾರ್ವತೆವ್ವ ಕಾಲಿಳಿಸಿದಳು. ಸಾವಿತ್ರಿ ಓಡಿ ಬಂದು ತಾಯಿಯನ್ನು ತಬ್ಬಿಕೊಂಡಳು. ನೀಲವ್ವ ಗಾಡಿಯನ್ನು ಸುತ್ತು ಹಾಕಿ ನೋಡಿದಳು, ಸೀನಿದಳು, ಡಿಕ್ಕಿಯೊಳಗೆ ಇಣುಕಿದಳು.

‘ಗಾಡಿ ಏನೋ ಬಂತು ಬೀಗ್ತಿ. ಕುಬಸ ಎಲ್ಲೈತಿ? ಬರೇ ಕೈಲೆ ಬಂದ್ರ್ಯಾ?’

ಪಾರ್ವತೆವ್ವ ಬಾಯಿ ತೆರೆಯುವ ಮೊದಲೇ ಬಸ್ಸು ಹಾರ್ನ್ ಹೊಡೆಯುತ್ತ ಬಂದು ಮನೆಯ ಮುಂದೆಯೇ ನಿಂತಿತು. ಇಳಿದವರ ಬಾಯಿ ತುಂಬ ಕರ್ಚಿಕಾಯಿ. ಕಂಡಕ್ಟರ್, ಡ್ರೈವರ್ ಸೇರಿ ಒಂದು ಬುಟ್ಟಿ ಹಿಡಿದು ಮುಂದೆ, ಉಳಿದವನ್ನು ಹೊತ್ತ ಪ್ರಯಾಣಿಕರು ಹಿಂದೆ. ‘ಕುಬಸದ ಮನಿ ಇದ ಏನ್ರಿ? ಕರ್ಚಿಕಾಯಿ ಭಾಳ ಚಲೋ ಆಗ್ಯಾವ್ರಿ’ ಎಂದು ಒಬ್ಬ ಮುದುಕ ನೀಲವ್ವನಿಗೇ ಕೈಮುಗಿದ. ಆ ಊರಿನವರು, ಪಕ್ಕದೂರಿನವರು, ಎಲ್ಲಿಗೋ ಹೊರಟಿದ್ದವರು ಎಲ್ಲರೂ ಅಂಗಳದಲ್ಲಿ ಕುಳಿತರು. ಆ ಮನೆಯಲ್ಲಿ ಅಷ್ಟು ಜನ ಸೇರಿದ ಕುಬಸ ಹಿಂದೆ ಆಗಿರಲಿಲ್ಲವಂತೆ. ನೀಲವ್ವ ಬೀಗಿತಿಯ ಕೈ ಹಿಡಿದು ಒಳಗೆ ಕರೆದೊಯ್ದಳು. ‘ಕರಕೊಂಡು ಹೋಗವಾ, ನಿನ್ನ ಮಗಳನ್ನ’ ಎಂದದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ.

ಮರಳುವಾಗ ಕಲ್ಲವ್ವ ಬಸ್ಸಿಗೆ ಬಂದಳು, ಗಾಡಿಯಲ್ಲಿ ಅವಳ ಜಾಗದಲ್ಲಿ ಸಾವಿತ್ರಿ ಕುಳಿತಳು. ಎರಡನೇ ಗೇರಿನಲ್ಲಿ, ಬ್ರೇಕಿಗೆ ಕೆಲಸ ಕೊಡದೆ, ಎಂಜಿನ್ನಿನ ಹಿಡಿತದಲ್ಲೇ ಗುಡ್ಡ ಇಳಿಸಿದೆ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುವುದನ್ನೂ ಹೊಸಬರು ಬರೆದುಕೊಳ್ಳಲಿ.

ಗುರುಸಿದ್ದಪ್ಪ ಮೇಸ್ತ್ರಿಗೆ ಎಲ್ಲವನ್ನೂ ಹೇಳಿದಾಗ ಅವರು ನಗುತ್ತ ನಗುತ್ತ ಚಹಾ ಚೆಲ್ಲಿಕೊಂಡರು. ‘ಎಂಜಿನ್ ನಾಪಾಸ್’ ಎಂದು ತಮ್ಮ ಹೊಟ್ಟೆಯನ್ನೇ ತೋರಿಸಿ ಇನ್ನೊಂದು ಗ್ಲಾಸು ತರಿಸಿದರು.

ಕೆಲವು ತಿಂಗಳ ಮೇಲೆ ಆ ಬೂದಿ ಗಾಡಿ ಉಳ್ಳಾಗಡ್ಡಿ ಅಂಗಡಿಯ ಮುಂದೆ ನಿಂತಿತು. ನನ್ನನ್ನೂ ಕರೆಸಿದರು. ಪಾರ್ವತೆವ್ವನ ಕೈಯಲ್ಲಿ ಅರಿವೆಯಲ್ಲಿ ಸುತ್ತಿದ ಮೊಮ್ಮಗಳು. ದವಾಖಾನೆಯಲ್ಲಿ ತೂಗಿದ್ದರೂ ಶಿವಪುತ್ರಪ್ಪನಿಗೆ ಸಮಾಧಾನವಿಲ್ಲ, ತನ್ನ ಕಣ್ಣೆದುರು ತೂಗಬೇಕು. ಮೆಣಸಿನಕಾಯಿ ತೂಗುವ ಸಣ್ಣ ಕಾಟಾವನ್ನು ತೊಳೆದು, ಮೆತ್ತಗಿನ ಕೌದಿ ಹಾಸಿ ಮಗುವನ್ನು ಮಲಗಿಸಿದರು. ‘ಬಾಯಿಲೆ ಹೇಳಬ್ಯಾಡ್ರಿ, ದೃಷ್ಟಿ ಆಗತೈತಿ’ ಎಂದಳು ಪಾರ್ವತೆವ್ವ. ನಾವೆಲ್ಲ ಬೀದಿಯ ಕಡೆ ತಿರುಗಿದೆವು. ನಾನು ಮಾತ್ರ ಓರೆಗಣ್ಣಿನಿಂದ ಅಂಕಿ ನೋಡಿದ್ದೆ. ನಾಲ್ಕು ಕೆಜಿಗೆ ಸ್ವಲ್ಪ ಕಡಿಮೆ.

ಶಿವಪುತ್ರಪ್ಪ ಬಂದು ನನ್ನ ಕೈಯ ಮೇಲೆ ಟವೆಲ್ ಹಾಸಿದ. ಒಂದು ಬೆರಳಿಗೆ ಒಂದು ಕೆಜಿ. ಬೆರಳು ಹಿಡಿದ. ಒಂದು, ಎರಡು, ಮೂರು, ನಾಲ್ಕು, ಐದು. ನನ್ನ ಮುಖ ನೋಡಿ ಆರನೆಯದನ್ನೂ ಹಿಡಿದ.

‘ಆತು’ ಎಂದೆ. ಈ ಸಲ ಪದ್ಧತಿ ಗೊತ್ತಿದ್ದೂ ಅಂದೆ.